ಅಪ್‌ಡೇಟ್: ಕಸದ ಶುಲ್ಕಕ್ಕೆ ನಮ್ಮ ಕೇರಿಯ ತಕರಾರು

ಹೋದ ತಿಂಗಳು ನಿಮ್ಮನ್ನೆಲ್ಲ ಕೇಳಿದ್ದೆ: ಕಾರವಾರದ ಹತ್ತಿರದ ನಮ್ಮ ಮೀನುಗಾರರ ಕೇರಿಗೆ ಕಸದ ಗಾಡಿ ಸರಿಯಾಗಿ ಬರುವುದೇ ಇಲ್ಲ, ಆದರೂ ಪ್ರತಿ ಮನೆಯವರೂ ಶುಲ್ಕ ಕಟ್ಟಲೇಬೇಕಾ ಅಂತ.

ಕಟ್ಟಲೇಬೇಕು ಅಂತ ನೀವು ಹೇಳಿದ್ದು ಸರಿ. ಘನತ್ಯಾಜ್ಯ ನಿಯಮದಲ್ಲೇ ಬಳಕೆದಾರರ ಶುಲ್ಕ ಇದೆ. ಆದರೆ ಕೊಳೆಗೇರಿ ಸೇರಿ ಎಲ್ಲ ಮನೆಗಳಿಂದಲೂ ಬಾಗಿಲಿಗೇ ಬಂದು ಕಸ ಒಯ್ಯಬೇಕು ಅಂತಲೂ ಅದರಲ್ಲೇ ಇದೆ. ನಾವು ಹಿಡಿದದ್ದು ಇದನ್ನೇ.

ಗಾಡಿ ಬಂದ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗೀಟು ಹಾಕುತ್ತಾ ಬಂದೆವು. ಇಡೀ ತಿಂಗಳಿಗೆ ನಾಲ್ಕೇ ಗೀಟು! ಬಾಂಗಡೆ ತಲೆ, ಸಿಗಡಿ ಸಿಪ್ಪೆ ಎರಡು ದಿನ ಬಕೆಟ್‌ನಲ್ಲಿ ಉಳಿದರೆ ಹುಳ ಬೀಳುತ್ತದೆ. ಮಕ್ಕಳು ಅದರ ಪಕ್ಕದಲ್ಲೇ ಕೂತು ಊಟ ಮಾಡಬೇಕು. ನನಗೆ ದುಡ್ಡಿಗಿಂತ ಜಾಸ್ತಿ ಸಂಕಟ ಆಗುವುದು ಅದಕ್ಕೇ.

ಕ್ಯಾಲೆಂಡರ್ ಹಾಳೆ ಹರಿದು ಅರ್ಜಿಗೆ ಲಗತ್ತಿಸಿದೆವು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಪಕ್ಕದ ಮನೆಯ ಅಜ್ಜಿ ನೇರವಾಗಿ ಹೇಳಿದರು, "ಕೊಡುವುದಿಲ್ಲ ಅಂದಿಲ್ಲ ಸಾಹೇಬ್ರೇ, ಗಾಡಿ ಬರಲಿ, ಕೊಡ್ತೇವೆ." ಮಳೆಗಾಲದಲ್ಲಿ ಶುಲ್ಕಕ್ಕೆ ರಿಯಾಯಿತಿ ಬೇಕು ಅಂತ ಇನ್ನೊಂದು ಮಾತೂ ಇಟ್ಟೆವು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬೋಟಿನ ಕೆಲಸದವರಿಗೆ ಸಂಪಾದನೆ ಎಲ್ಲಿಂದ ಬರಬೇಕು, ಹೇಳಿ?

ಶುಲ್ಕ ಮನ್ನಾ ಆಗಲಿಲ್ಲ. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅಧಿಕಾರಿಗಳು ಒಪ್ಪಿದ್ದಾರೆ. ಓಣಿಯೊಳಗೆ ನುಗ್ಗುವಂಥ ಸಣ್ಣ ಗಾಡಿ ಈ ವಾರ ಮೂರು ಸಲ ಬಂತು. ಮಳೆಗಾಲದ ರಿಯಾಯಿತಿ ಬಗ್ಗೆ ಇನ್ನೂ ಉತ್ತರ ಇಲ್ಲ. ಸ್ವೀಕೃತಿ ಚೀಟಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಸೋಮವಾರ ಮತ್ತೆ ಹೋಗುತ್ತೇವೆ.