ಪಿಕಪ್ ಹಿಂದಿನ ಬಾಡಿ ಒಳಗೆ ಬೆಡ್‌ಲೈನರ್ ಕೋಟಿಂಗ್ ನಾವೇ ಹಚ್ಕೋಬಹುದಾ?

ಲೋಡ್‌ಗಾಡಿ:
ಎಲ್ರಿಗೂ ನಮಸ್ಕಾರ. ನನ್ ಪಿಕಪ್ ಬಾಡಿ ಒಳಗೆಲ್ಲ ಗೀರು ಬಿದ್ದು ಪೇಂಟ್ ಕಿತ್ತೋಗಿದೆ, ಮೂಲೆಗಳಲ್ಲಿ ತುಕ್ಕು ಶುರುವಾಗಿದೆ, ತೂತು ಇನ್ನೂ ಬಿದ್ದಿಲ್ಲ. ಪ್ಲಾಸ್ಟಿಕ್ ಲೈನರ್ ಕೂರಿಸೋದಾ ಇಲ್ಲಾ ಬೆಡ್‌ಲೈನರ್ ಕೋಟಿಂಗ್, ಅಂದ್ರೆ ಗೀರು-ತುಕ್ಕು ತಡೆಯೋ ದಪ್ಪ ಪೇಂಟ್, ತಂದು ನಾನೇ ಹಚ್ಚೋದಾ ಅಂತ ಯೋಚ್ನೆ. ಕೆಲವ್ರು ಅದು ಹಾಳೆ ಹಾಳೆಯಾಗಿ ಎದ್ದು ಬರತ್ತೆ ಅಂತಾರೆ, ಇನ್ ಕೆಲವ್ರು ಗಾಡಿ ಹೋದ್ರೂ ಕೋಟಿಂಗ್ ಹೋಗಲ್ಲ ಅಂತಾರೆ. ಯಾರ್ ಮಾತು ನಂಬೋದು? ಕಂಪ್ರೆಸರ್, ಸ್ಪ್ರೇ ಗನ್ ಎರಡೂ ಇಲ್ಲ.

ತುಕ್ಕುವೈರಿ:
ಇಬ್ರೂ ಹೇಳ್ತಿರೋದು ನಿಜಾನೇ ಸರ್. ಸರಿಯಾಗಿ ಉಜ್ಜಿದವ್ರದ್ದು ನಿಂತಿದೆ, ಉಜ್ಜದೇ ಬಳಿದವ್ರದ್ದು ಎದ್ದಿದೆ, ಅಷ್ಟೇ. ಮೊದ್ಲು ಸೋಪು, ಜಿಡ್ಡು ತೆಗೆಯೋ ಡಿಗ್ರೀಸರ್ ಹಾಕಿ ತೊಳೀರಿ, ಆಮೇಲೇ ಸ್ಯಾಂಡ್ ಪೇಪರ್ ಮುಟ್ಟಿ, ಯಾಕಂದ್ರೆ ಜಿಡ್ಡು ಇರೋವಾಗ್ಲೇ ಉಜ್ಜಿದ್ರೆ ಅದೇ ಜಿಡ್ಡು ಗೀರೊಳಗೆ ಹೋಗಿ ಕೂತ್ಕೊಳತ್ತೆ. 80ರಿಂದ 120 ಗ್ರಿಟ್ (ಪೇಪರ್ ಎಷ್ಟು ಒರಟು ಅನ್ನೋ ನಂಬರ್) ಸಾಕು, ಏರುತಗ್ಗು ಇರೋ ಕಡೆ ಪೇಪರ್ ಹೋಗಲ್ಲ, ಅಲ್ಲಿ ಸ್ಕಾಚ್‌ಬ್ರೈಟ್ ಪ್ಯಾಡಲ್ಲಿ ಉಜ್ಜಿ. ಮುಗೀತು ಅನಿಸಿದ್ಮೇಲೆ ಟಾರ್ಚ್ ಅಡ್ಡಡ್ಡ ಹಿಡಿದು ನೋಡಿ, ಎಲ್ಲಿ ಮಿರ ಮಿರ ಅಂತ ಹೊಳೀತದೋ ಅಲ್ಲಿ ಕೋಟಿಂಗ್ ಕಚ್ಕೊಳಲ್ಲ. ತುಕ್ಕನ್ನ ವೈರ್ ಬ್ರಷ್ ಹಾಕಿ ಬರೀ ತಗಡು ಕಾಣೋವರೆಗೂ ತೆಗೆದು ಎಪಾಕ್ಸಿ ಪ್ರೈಮರ್ (ತಗಡಿಗೆ ಮೊದ್ಲು ಹಚ್ಚೋ ತಳದ ಪೇಂಟ್) ಹೊಡೀಬೇಕು.

ಪ್ಲಾಸ್ಟಿಕ್ ಲೈನರ್ ಮಾತ್ರ ನಾನ್ ಹೇಳಲ್ಲ. ಅದರಡಿ ನೀರು, ಮಣ್ಣು ಸೇರ್ಕೊಂಡು ಗಾಡಿ ಕುಲುಕಿದಂಗೆಲ್ಲ ಪೇಂಟ್ ಸವೆಯತ್ತೆ, ಒಳಗೆ ತುಕ್ಕು ತಿಂತಿರೋದು ಕಣ್ಣಿಗೂ ಬೀಳಲ್ಲ.

ರೋಲರ್‌ರಾಯ:
ಗನ್ ಇಲ್ಲಾಂದ್ರೆ ಚಿಂತಿ ಬ್ಯಾಡ್ರಿ, ರೋಲರ್‌ನಾಗ ಹಚ್ಚೂದನ್ನೇ ತಗೊಳ್ರಿ. ಒಂದ ಡಬ್ಬಿದು ಇರತದ, ಗಾಳ್ಯಾಗಿನ ತೇವ ಹೀರಿ ಗಟ್ಟಿ ಆಗತದ. ಎರಡ ಪಾರ್ಟಿಂದಕ್ಕ ಗಟ್ಟಿ ಮಾಡೂ ಹಾರ್ಡ್‌ನರ್ ಕಲಸಬೇಕು, ರಾಪ್ಟರ್ ಅನ್ನೂ ಬ್ರ್ಯಾಂಡಿನಾಗಾದ್ರ ಮೂರ ಪಾಲಿಗೆ ಒಂದ ಪಾಲು, ಕಲಸಿದ ಮ್ಯಾಲ ಡಬ್ಬಿ ಇಟ್ಕೊಂಡ ಹರಟಿ ಹೊಡ್ಕೋತ ಕೂಡಂಗಿಲ್ಲ. ರಬ್ಬರ್ ಕಾಳು ಇರೂ ಡಬ್ಬಿ ಆದ್ರ ನಡುನಡುವ ತಿರುವಕೋತ ಇರ್ರಿ, ಕಾಳು ತಳಕ್ಕ ಕೂತ್ರ ಮೊದಲ ಹಚ್ಚಿದ್ದು ನುಣ್ಣಗ, ಕಡೀದು ಬರೇ ಉಸುಕು. ಒಂದ ದಪ್ಪ ಕೋಟ್ ಬ್ಯಾಡ, ತೆಳ್ಳಗ ಎರಡು. ಹಸೀ ತಗಡಿನ ಮ್ಯಾಲ, ಮಳಿ ಹವಾದಾಗ ಹಚ್ಚಿದ್ರ ಗುಳ್ಳಿ ಏಳತಾವ.

ಉಸಿರುಗಟ್ಟಿ:
ಇಷ್ಟೆಲ್ಲ ಹೇಳಿ ಮಾಸ್ಕ್ ವಿಷಯಾನೇ ಬಿಟ್ರಲ್ಲಪ್ಪಾ! ಈ ಕೋಟಿಂಗ್ ಹೆಚ್ಚಿನವು ಪಾಲಿಯುರೆಥೇನ್, ಅದ್ರಲ್ಲಿ ಐಸೋಸೈನೇಟ್ ಅನ್ನೋ ಕೆಮಿಕಲ್ ಇರತ್ತೆ, ಉಸಿರಲ್ಲಿ ಹೋದ್ರೆ ಆಸ್ತಮಾ ತರಿಸೋಂಥದ್ದು. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಲೆಕ್ಕಕ್ಕಿಲ್ಲ, ಆರ್ಗಾನಿಕ್ ವೇಪರ್ ಕಾರ್ಟ್ರಿಡ್ಜ್ (ಕೆಮಿಕಲ್ ಆವಿ ತಡೆಯೋ ಫಿಲ್ಟರ್) ಇರೋ ಮಾಸ್ಕ್ ಬೇಕು. ಬಾಗಿಲು ಹಾಕಿದ ಶೆಡ್ ಒಳಗಂತೂ ಬೇಡ್ವೇ ಬೇಡ. ಸ್ಪ್ರೇ ಮಾಡೋದಾದ್ರೆ ಇನ್ನೂ ಅಪಾಯ, ಹೊರಗಿಂದ ಗಾಳಿ ಕೊಡೋ ಮಾಸ್ಕೇ ಬೇಕು, ಸೋ ರೋಲರ್ರೇ ಒಳ್ಳೇದು ನಿಮ್ಗೆ. ಗ್ಲೌಸ್ ಮರೀಬೇಡಿ, ಕೈಗೆ ಅಂಟಿದ್ರೆ ಚರ್ಮ ಉದುರೋವರೆಗೂ ಹೋಗಲ್ಲ.

ಲೋಡ್‌ಗಾಡಿ:
ಥ್ಯಾಂಕ್ಸ್ ಎಲ್ರಿಗೂ, ರೋಲರ್ರೇ ಫಿಕ್ಸ್. ಬೋಲ್ಟ್ ತೂತು, ನೀರು ಹೋಗೋ ತೂತು ಎಲ್ಲ ಟೇಪ್ ಹಾಕಿ ಮುಚ್ಚಿದ್ರೆ ಆಯ್ತಲ್ಲ? ಟೇಪ್ ಪೂರ್ತಿ ಒಣಗಿದ್ಮೇಲೆ ಕೀಳೋದಾ?

ತುಕ್ಕುವೈರಿ:
ಅಯ್ಯೋ ಒಣಗೋವರೆಗೂ ಬಿಡ್ಬೇಡಿ, ಕೊನೇ ಕೋಟ್ ಹಸಿ ಇರೋವಾಗ್ಲೇ ಕಿತ್ತುಬಿಡಿ, ಇಲ್ಲಾಂದ್ರೆ ಅಂಚೆಲ್ಲ ಹರ್ಕೊಂಡು ಬರತ್ತೆ, ಬ್ಲೇಡ್ ಹಿಡ್ಕೊಂಡು ಕೂರ್ಬೇಕಾಗತ್ತೆ. ಹುಕ್ಕು, ಬೋಲ್ಟು ಮುಂಚೇನೇ ಬಿಚ್ಚಿಡಿ. ಮುಟ್ಟಿದ್ರೆ ಒಣಗಿದೆ ಅನ್ಸತ್ತೆ, ಆದ್ರೂ ಡಬ್ಬದ ಮೇಲೆ ಬರೆದಿರೋಷ್ಟು ಟೈಮ್ ಕಾದು ಆಮೇಲೆ ಲೋಡ್ ಹಾಕಿ, ಎರಡು ಪಾರ್ಟಿಂದು ಪೂರ್ತಿ ಗಟ್ಟಿಯಾಗೋಕೆ ಹತ್ತತ್ರ ಒಂದು ವಾರ ಬೇಕು.