1978ರ ‘ಸೂಪರ್‌ಮ್ಯಾನ್’: ಹಾರಾಟದ ಶಾಟ್ ಇವತ್ತಿಗೂ ಗಟ್ಟಿಯಾಗಿ ನಿಲ್ಲುತ್ತವಾ?

ಹಳೇರೀಲು: ರಿಚರ್ಡ್ ಡಾನರ್ ನಿರ್ದೇಶಿಸಿದ, ಕ್ರಿಸ್ಟೋಫರ್ ರೀವ್ ನಟಿಸಿದ ಈ ಸಿನಿಮಾ ಮತ್ತೆ ನೋಡಿದವರೆಲ್ಲ “ಆ ಕಾಲಕ್ಕೆ ಪರವಾಗಿಲ್ಲ” ಅಂತ ಬೆನ್ನು ತಟ್ಟಿ ಕಳಿಸ್ತಾರೆ. ನಾನು ಒಪ್ಪಲ್ಲ. ಹಾರಾಟದ ಕೆಲವು ಶಾಟ್ ಇವತ್ತಿಗೂ ಗಟ್ಟಿಯಾಗಿ ನಿಲ್ಲುತ್ತವೆ, ಕೆಲವು ಆ ಕಾಲಕ್ಕೂ ಸೋತಿದ್ದವು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ನೀಲಿಪರದೆ: ಸೋತವು ಯಾವುವು ಅಂದ್ರೆ ನಟನನ್ನು ನೀಲಿ ಪರದೆ ಮುಂದೆ ತೆಗೆದು, ಆಮೇಲೆ ಆ ನೀಲಿಯ ಜಾಗಕ್ಕೆ ಹಿನ್ನೆಲೆ ಕೂರಿಸುವ ಬ್ಲೂಸ್ಕ್ರೀನ್ ಶಾಟ್‌ಗಳು. ನಾಯಕನ ಬಟ್ಟೆಯೇ ನೀಲಿ! ಪರದೆಯ ನೀಲಿಯನ್ನು ಕಿತ್ತು ಹಾಕುವಾಗ ಮೈಯೂ ಪಾರದರ್ಶಕ ಆಗಿಬಿಡುತ್ತೆ. ಅದಕ್ಕೇ ಆ ಶಾಟ್‌ಗಳಿಗೆ ಹಸಿರಿಗೆ ವಾಲಿದ ನೀಲಿಯ ಉಡುಪು ಹೊಲಿಸಿ, ಆಮೇಲೆ ಲ್ಯಾಬಿನಲ್ಲಿ ಬಣ್ಣ ತಿದ್ದಿದರು. ತಿದ್ದಿದ್ದು ಎಲ್ಲ ಕಡೆ ಒಂದೇ ಸಮ ಕೂತಿಲ್ಲ. ಒಂದು ಶಾಟಿನಲ್ಲಿ ಕಡುನೀಲಿ, ಮುಂದಿನದರಲ್ಲಿ ಪಾಚಿ ಹಿಡಿದ ನೀಲಿ. ಮೇಲೆ ಮೈಯಂಚಿನ ಕಪ್ಪು ಗೆರೆ ಬೇರೆ.

ತಂತಿಮಾಮ: ಇಷ್ಟೆಲ್ಲ ಯಾಕೆ, ತಂತಿ ಕಟ್ಟಿ ಎತ್ತಿದ್ದಾರೆ. ಅದರಲ್ಲೇನು ವಿಶೇಷ?

ಹಳೇರೀಲು: ನೆಲದಿಂದ ಏಳುವಾಗ, ಇಳಿಯುವಾಗ ತಂತಿ, ಕ್ರೇನ್ ಹೌದು. ಗಾಳಿಯಲ್ಲಿ ನಮ್ಮ ಕಡೆ ತೇಲಿ ಬರುವ ಶಾಟ್‌ಗಳಲ್ಲಿ ಕೆಲಸ ಮಾಡಿದ್ದು ಎಫೆಕ್ಟ್ ತಂತ್ರಜ್ಞ ಜೋರನ್ ಪೆರಿಸಿಚ್ ಕಟ್ಟಿದ ಝೋಪ್ಟಿಕ್ ಅನ್ನೋ ಸಾಧನ. ಅದರ ಬುಡ ಫ್ರಂಟ್ ಪ್ರೊಜೆಕ್ಷನ್, ಅಂದರೆ ಹಿನ್ನೆಲೆಯ ಚಿತ್ರವನ್ನು ಮುಂದಿನಿಂದಲೇ ಪರದೆಗೆ ಬಿಡೋದು. ಕ್ಯಾಮೆರಾ ಮುಂದೆ 45 ಡಿಗ್ರಿ ಓರೆಯಾಗಿ ಅರೆಪಾರದರ್ಶಕ ಕನ್ನಡಿ, ಪಕ್ಕದಿಂದ ಪ್ರೊಜೆಕ್ಟರ್. ನಟನ ಹಿಂದೆ ಸ್ಕಾಚ್‌ಲೈಟ್ ಪರದೆ, ರಸ್ತೆ ಫಲಕಗಳು ಹೆಡ್‌ಲೈಟಿಗೆ ಹೊಳೀತವಲ್ಲ, ಅದೇ ಜಾತಿ. ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತೆ. ಕ್ಯಾಮೆರಾ, ಪ್ರೊಜೆಕ್ಟರ್ ಒಂದೇ ಅಕ್ಷದಲ್ಲಿರೋದರಿಂದ ನಟನ ನೆರಳು ನಟನ ಹಿಂದೆಯೇ ಅಡಗುತ್ತೆ.

ಪೆರಿಸಿಚ್ ಮಾಡಿದ್ದು, ಎರಡಕ್ಕೂ ಜೂಮ್ ಲೆನ್ಸ್ ಹಾಕಿ ಒಂದಕ್ಕೊಂದು ಬೆಸೆದದ್ದು. ಪ್ರೊಜೆಕ್ಟರ್ ಪರದೆಯ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸುವ ಗಳಿಗೆಗೇ ಕ್ಯಾಮೆರಾ ಎರಡರಷ್ಟು ಜೂಮ್ ಆಗುತ್ತೆ. ಫ್ರೇಮಿನಲ್ಲಿ ಹಿನ್ನೆಲೆ ಇದ್ದಷ್ಟೇ ಇರುತ್ತೆ, ನಟ ಮಾತ್ರ ದುಪ್ಪಟ್ಟು. ರೀವ್ ಇದ್ದಲ್ಲೇ ಇದ್ದಾರೆ, ನಮಗೆ ಮೈಮೇಲೆ ಬಂದ ಹಾಗೆ.

ನೀಲಿಪರದೆ: ಇದರಲ್ಲಿ ಕೈಕೊಡೋದು ಅಂಚು. ಜೂಮ್ ಆಗುವಾಗ ಎರಡು ಲೆನ್ಸುಗಳ ಅಕ್ಷ ಕೂದಲೆಳೆಯಷ್ಟು ತಪ್ಪಿದರೂ ಅಡಗಿದ್ದ ನೆರಳು ಭುಜದ ಪಕ್ಕ ಇಣುಕುತ್ತೆ. ಹೊಳೆಯೋ ಬಟ್ಟೆ ಹಾಕಿಸಿದರೂ ಕೆಟ್ಟಿತು, ಹಿನ್ನೆಲೆಯ ಚಿತ್ರ ಮೈಮೇಲೇ ಮೂಡುತ್ತೆ.

ತಮಾಷೆ ಅಂದ್ರೆ ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟಾನ್ ಗ್ರಹದ ಜನರ ಬೆಳ್ಳಗೆ ಉರಿಯೋ ಉಡುಪಿಗೂ ಆ ಸ್ಕಾಚ್‌ಲೈಟ್ ಜಾತಿಯದೇ ವಸ್ತು. ಕ್ಯಾಮೆರಾ ಪಕ್ಕದ ದೀಪ ಬಿದ್ದರೆ ಸಾಕು, ಬಟ್ಟೆಯೇ ದೀಪ.

ತಂತಿಮಾಮ: ಸರಿ, ತಂತಿ ವಾದ ವಾಪಸ್. ಆದರೆ ಝೋಪ್ಟಿಕ್‌ನಲ್ಲೂ ಒಂದು ಸುಳ್ಳಿದೆ. ನಿಜವಾಗಿ ಹತ್ತಿರ ಬರೋ ಮನುಷ್ಯನ ಮುಂಚಾಚಿದ ಮುಷ್ಟಿ ಮುಖಕ್ಕಿಂತ ಬೇಗ ದೊಡ್ಡದಾಗಬೇಕು. ಜೂಮ್‌ನಲ್ಲಿ ಮುಷ್ಟಿ, ಮುಖ, ಪಾದ ಎಲ್ಲ ಒಂದೇ ಲೆಕ್ಕದಲ್ಲಿ ಹಿಗ್ಗುತ್ತವೆ. ಪರ್ಸ್‌ಪೆಕ್ಟಿವ್ ಬದಲಾಗಲ್ಲ.

ಹಳೇರೀಲು: ಒಪ್ಪಿದೆ. ಅದಕ್ಕೇ ಇಂಥ ಶಾಟ್ ಉದ್ದ ಬಿಟ್ಟರೆ ಗುಟ್ಟು ರಟ್ಟು. ಉಳಿಸೋದು ರೀವ್ ಮೈ. ಅವರು ಪೈಲಟ್ ಕೂಡ ಹೌದು. ತಿರುಗೋ ಮೊದಲು ಭುಜ ಓರೆಯಾಗುತ್ತೆ, ಕಣ್ಣು ಮೊದಲೇ ಆ ಕಡೆ ಹೋಗಿರುತ್ತೆ, ಕಾಲು ಕೊನೆಗೆ ಬರುತ್ತೆ. ಇದನ್ನು ಯಾವ ಲೆನ್ಸೂ ಕೊಡಲ್ಲ.

ಪಾತ್ರಧಾರಿ: ಮೈ ಅಂದ್ರೆ ನನಗೆ ಹಾರಾಟಕ್ಕಿಂತ ನಾಯಕಿ ಲೋಯಿಸ್ ಮನೆಯ ದೃಶ್ಯ ದೊಡ್ಡದು. ಅವಳು ಒಳಗೆ ಹೋಗಿದ್ದಾಳೆ. ಕ್ಲಾರ್ಕ್, ಅಂದರೆ ಮಾಮೂಲಿ ಮನುಷ್ಯನ ವೇಷದಲ್ಲಿರೋ ಸೂಪರ್‌ಮ್ಯಾನ್, ಕನ್ನಡಕ ತೆಗೀತಾನೆ, ಬೆನ್ನು ನೆಟ್ಟಗಾಗುತ್ತೆ, ದನಿ ಕೆಳಗಿಳಿಯುತ್ತೆ. ತಾನು ಯಾರು ಅಂತ ಹೇಳಿಬಿಡೋಣ ಅನ್ನೋಷ್ಟರಲ್ಲಿ ಧೈರ್ಯ ಸಾಲದೆ ಮತ್ತೆ ಕುಗ್ಗಿ ಹೋಗ್ತಾನೆ. ಎಫೆಕ್ಟ್ ಸೊನ್ನೆ. ಕನ್ನಡಕ ಹಾಕಿದ ಮಾತ್ರಕ್ಕೆ ಯಾರಿಗೂ ಗುರುತು ಸಿಗಲ್ವಾ ಅಂತ ನಗೋರಿಗೆ ಅಲ್ಲೇ ಉತ್ತರ ಇದೆ.

ಕತ್ತರಿ: ಅಣೆಕಟ್ಟು ಒಡೆಯೋ ದೃಶ್ಯದ ಮಿನಿಯೇಚರ್, ಅಂದರೆ ಪುಟ್ಟ ಮಾದರಿ, ಅದರ ಬಗ್ಗೆ ಯಾಕೆ ಎಲ್ಲರೂ ಮೌನ? ಮಾದರಿ ಮಾಡಿಸಿದ ಡೆರೆಕ್ ಮೆಡ್ಡಿಂಗ್ಸ್ ಕೆಲಸ ಅಚ್ಚುಕಟ್ಟು, ಆದರೆ ನೀರು ಯಾರ ಮಾತೂ ಕೇಳಲ್ಲ. 1:16 ಅಳತೆಯ ಮಾದರಿ ಅಂದ್ರೆ ನಿಯಮದ ಪ್ರಕಾರ ಕ್ಯಾಮೆರಾ ವೇಗ 16ರ ವರ್ಗಮೂಲದಷ್ಟು ಪಟ್ಟು ಇರಬೇಕು, ಅಂದರೆ ಮಾಮೂಲಿ 24ರ ನಾಲ್ಕು ಪಟ್ಟು, ಸೆಕೆಂಡಿಗೆ 96 ಫ್ರೇಮ್. ಹಾಗೆ ತೆಗೆದರೂ ಹನಿಯ ಗಾತ್ರ ಚಿಕ್ಕದಾಗಲ್ಲ. ಮನೆಗಳ ಮೇಲೆ ನೀರು ನುಗ್ಗುವಾಗ ಕಣ್ಣಿಗೆ ಹೊಡೆಯೋದು ಅದೇ.

ನೋಡೋದಾದರೆ 143 ನಿಮಿಷದ ಥಿಯೇಟರ್ ಆವೃತ್ತಿ ನೋಡಿ. 2001ರ ಡಿವಿಡಿಯ 151 ನಿಮಿಷದ್ದರಲ್ಲಿ ಸೌಂಡ್ ಎಫೆಕ್ಟ್‌ಗಳನ್ನೇ ಬದಲಿಸಿದ್ದಾರೆ. 188 ನಿಮಿಷದ ಟಿವಿ ಆವೃತ್ತಿ ಕುತೂಹಲಕ್ಕೆ ಸರಿ, ಲಯ ಸತ್ತಿದೆ. ಇನ್ನೊಂದು, ಚಿತ್ರ ಮಂಜುಮಂಜಾಗಿದೆ ಅಂತ ಟಿವಿಯ ಶಾರ್ಪ್‌ನೆಸ್ ಏರಿಸಬೇಡಿ. ಛಾಯಾಗ್ರಾಹಕ ಜೆಫ್ರಿ ಅನ್ಸ್‌ವರ್ತ್ ಬೇಕೆಂದೇ ಬೆಳಕನ್ನು ಚದುರಿಸಿ ತೆಗೆದದ್ದು. ಏರಿಸಿದರೆ ಸಿಗೋದು ಬ್ಲೂಸ್ಕ್ರೀನ್ ಶಾಟಿನ ಆ ಕಪ್ಪು ಗೆರೆಗಳೇ.

ತಂತಿಮಾಮ: ಸತ್ತ ಲೋಯಿಸ್‌ಳನ್ನು ಉಳಿಸೋಕೆ ಭೂಮಿಯನ್ನು ಹಿಂದಕ್ಕೆ ತಿರುಗಿಸೋ ಕ್ಲೈಮ್ಯಾಕ್ಸ್? ಅದನ್ನೂ ಸಮರ್ಥಿಸ್ತೀರಾ?

ಪಾತ್ರಧಾರಿ: ಭೂಮಿ ತಿರುಗಿಸಿದ್ದರಿಂದ ಕಾಲ ಹಿಂದೆ ಹೋಗಿದ್ದಲ್ಲ, ಅವನೇ ಕಾಲದಲ್ಲಿ ಹಿಂದೆ ಹೋಗ್ತಿದ್ದಾನೆ, ನಮಗೆ ಹಾಗೆ ಕಾಣುತ್ತೆ ಅಷ್ಟೇ.

ಕತ್ತರಿ: ಹಾಗಿದ್ದರೆ ಕೊನೆಗೆ ಎದುರು ದಿಕ್ಕಿಗೆ ಹಾರಿ ಭೂಮಿಯನ್ನು ಸರಿ ದಾರಿಗೆ ತರೋದು ಯಾಕೆ? ಅಸಲಿಗೆ ಈ ಉಪಾಯ ಎರಡನೇ ಭಾಗದ ಕೊನೆಗೆ ಅಂತ ಇಟ್ಟುಕೊಂಡಿದ್ದು. ಎರಡೂ ಭಾಗ ಒಟ್ಟಿಗೆ ಶೂಟ್ ಆಗ್ತಿತ್ತು, ಮೊದಲನೆಯದಕ್ಕೆ ಜೋರಾದ ಕೊನೆ ಬೇಕಿತ್ತು, ಎತ್ತಿ ಇಲ್ಲಿಗೆ ಹಾಕಿದರು. ಹೊಲಿಗೆ ಕಾಣುತ್ತೆ.

ಹಳೇರೀಲು: ಇನ್ನೂ ಕಾಣಬೇಕಾ? ಕಾಲ ಹಿಂದೆ ಹೋಗುವಾಗ, ರೀಲನ್ನು ಹಿಂದಕ್ಕೆ ಓಡಿಸಿದ ಶಾಟಿನಲ್ಲಿ ಒಡೆದ ಅಣೆಕಟ್ಟು ಮತ್ತೆ ಕೂಡಿಕೊಳ್ಳುತ್ತೆ. ಎರಡು ನಿಮಿಷ ಆಗಲಿಲ್ಲ, ಕಾರಿನ ಪಕ್ಕ ನಿಂತ ಲೋಯಿಸ್ ಭೂಕಂಪ ಆಯ್ತು, ಟೆಲಿಫೋನ್ ಕಂಬ ಬಿತ್ತು ಅಂತ ಗೊಣಗ್ತಿದ್ದಾಳೆ. ಯಾವ ಭೂಕಂಪ, ತಾಯಿ?

ಪಾತ್ರಧಾರಿ: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅವಳು ಬೈತಿರುವಾಗ ರೀವ್ ಸುಮ್ಮನೆ ನಿಂತು ನಗ್ತಾರಲ್ಲ, ಆ ಮುಖ ನೋಡಿ.