ನನ್ನದೇ ಪೋಕೆಮಾನ್, ಆದರೂ ನನ್ನ ಮಾತು ಕೇಳುತ್ತಿಲ್ಲ: ಐಡಿ ನಂಬರಿನ ಲೆಕ್ಕ ಸರಿಯಾ?

ಡೊಂಬಿವಲಿ ಲೋಕಲ್:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಪೋಕೆಮಾನ್ (ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಹೋರಾಡಿಸುವ ವಿಡಿಯೊ ಗೇಮ್) ಆಡಿದವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಕಾಲೇಜಿಗೆ ಹೋಗುವಾಗ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಫೈರ್‌ರೆಡ್ ಅನ್ನುವ ಪೋಕೆಮಾನ್ ಆಟ ಆಡುತ್ತಿದ್ದೆ. ಮೊದಲ ದಿನ ಸಿಕ್ಕ ಚಾರ್ಮ್ಯಾಂಡರ್‌ಗೆ 'ಬೆಂಕಿ' ಅಂತ ಹೆಸರಿಡುವಾಗ ಎನ್ ಅಕ್ಷರ ಬಿಟ್ಟುಹೋಗಿ 'ಬೆಕಿ' ಆಯಿತು. ಡೊಂಬಿವಲಿಯಿಂದ ಸಿಎಸ್‌ಟಿವರೆಗೆ ಮುಂಬೈ ಲೋಕಲ್ ರೈಲಿನಲ್ಲಿ ದಿನಾ ನಿಂತುಕೊಂಡೇ ಆಡಿ ಅದನ್ನು ಬೆಳೆಸಿ 52ನೇ ಲೆವೆಲ್ಲಿನ ಚಾರಿಝಾರ್ಡ್ ಮಾಡಿದೆ. ಗೆಳೆಯ ಪುಣೆಗೆ ಹೊರಟಾಗ ನನ್ನ ನೆನಪಿಗಿರಲಿ ಅಂತ ಕೇಬಲ್ ಹಾಕಿ ಅವನ ಆಟಕ್ಕೆ ಕಳಿಸಿದೆ. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಹೊಸ ಆಟ ಶುರು ಮಾಡಿ ಹಳೆಯದರ ಮೇಲೇ ಸೇವ್ ಮಾಡಿಬಿಟ್ಟ. ಐದನೇ ಕ್ಲಾಸಿನ ಹುಡುಗ, ಬೈಯುವುದಕ್ಕೂ ಮನಸ್ಸು ಬರಲಿಲ್ಲ.

ಈ ದೀಪಾವಳಿಗೆ ಅದೇ ಕಾರ್ಟ್ರಿಜ್‌ನಲ್ಲಿ, ಅದೇ 'ಮಂಜು' ಅನ್ನುವ ಹೆಸರಿನಲ್ಲಿ ಮತ್ತೆ ಶುರು ಮಾಡಿದೆ. ಗೆಳೆಯ ಬೆಕಿಯನ್ನು ವಾಪಸ್ ಕಳಿಸಿದ. ಆದರೆ ಅದು ನನ್ನ ಮಾತೇ ಕೇಳುವುದಿಲ್ಲ. ದಾಳಿ ಮಾಡು ಅಂದರೆ ಮುಖ ತಿರುಗಿಸುತ್ತದೆ, ನಡು ಹೋರಾಟದಲ್ಲಿ ನಿದ್ದೆ ಹೋಗುತ್ತದೆ. ಹೆಸರನ್ನಾದರೂ ಸರಿ ಮಾಡೋಣ ಅಂತ ಲ್ಯಾವೆಂಡರ್ ಟೌನಿನಲ್ಲಿ ಹೆಸರು ಬದಲಿಸುವ ಮುದುಕನ ಹತ್ತಿರ ಹೋದೆ. ಬೇರೆಯವರಿಂದ ಬಂದ ಪೋಕೆಮಾನ್, ಇದರ ಹೆಸರು ಮುಟ್ಟುವ ಹಾಗಿಲ್ಲ ಅಂದ. ಆ ಹೆಸರು ಇಟ್ಟವನೇ ನಾನು! ಬೆಕಿಯ ವಿವರದ ಪುಟದಲ್ಲಿ ಒಡೆಯನ ಹೆಸರು ಈಗಲೂ 'ಮಂಜು' ಅಂತಲೇ ಇದೆ. ಐಡಿ, ಅಂದರೆ ಆಟಗಾರನಿಗೆ ಆಟವೇ ಕೊಡುವ ನಂಬರ್, ಮಾತ್ರ ಬೇರೆ. ಆಗ 41873, ಈಗ 08216. ಬರೀ ಐದು ಅಂಕಿ ಬದಲಾಯಿತು ಅಂತ ಆಟ ನನ್ನನ್ನು ಹೊರಗಿನವನು ಅನ್ನುವುದು ತಪ್ಪು ಅಂತ ನನ್ನ ವಾದ.

ಮಾಟುಂಗಾ ಕಾಪಿ:
ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ವಾದ ಒಪ್ಪುವುದಿಲ್ಲ. ಹೆಸರು ಒಂದೇ ಇದ್ದರೆ ಸಾಕು ಅಂತಾದರೆ ಯಾರು ಬೇಕಾದರೂ 'ಮಂಜು' ಅಂತ ಬರೆದು ನಿಮ್ಮ ಬೆಕಿಯನ್ನು ತಮ್ಮದು ಅನ್ನಬಹುದು. ನಮ್ಮ ಬಿಲ್ಡಿಂಗಿನಲ್ಲೇ ಮೂವರು ಮಂಜುನಾಥ ಇದ್ದಾರೆ. ಲೋಕಲ್ ಪಾಸ್ ಮೇಲೆ ಬರೀ ಹೆಸರು ಸಾಕಾಗುವುದಿಲ್ಲ, ಐಡಿ ಕಾರ್ಡಿನ ನಂಬರೂ ಬೇಕು, ಅಲ್ವಾ? ಇದೂ ಹಾಗೇ.

ಇನ್ನೊಂದು ಮಾತು. ಬೇರೆಯವರ ಪೋಕೆಮಾನ್‌ಗೆ ಅನುಭವದ ಅಂಕ ಒಂದೂವರೆ ಪಟ್ಟು ಸಿಗುತ್ತದೆ. ಬೇಗ ಬೆಳೆಯುತ್ತದೆ, ಅದಕ್ಕೆ ಬದಲಾಗಿ ಪೂರ್ತಿ ಹಿಡಿತ ಸಿಗುವುದಿಲ್ಲ. ಈ ಕಟ್ಟು ಇಲ್ಲದಿದ್ದರೆ ಅಣ್ಣನ ಹತ್ತಿರ 90ನೇ ಲೆವೆಲ್ಲಿನದು ಇಸಿದುಕೊಂಡು ಒಂದು ಸಂಜೆಯಲ್ಲಿ ಆಟ ಮುಗಿಸಬಹುದಿತ್ತು.

ಮುಲುಂಡ್ ಹುಡುಗ:
ಅಣ್ಣ, ಸುಮ್ನೆ ಮತ್ತೆ ಮತ್ತೆ ಹೊಸ ಆಟ ಶುರು ಮಾಡುತ್ತಾ ಹೋಗಿ. ಯಾವಾಗಲಾದರೂ 41873 ಬಂದೇ ಬರುತ್ತದೆ. ಇರುವುದೇ ಐದು ಅಂಕಿ.

ಪುಣೆ ಎಂಜಿನಿಯರ್:
ಬರಬಹುದು, ಆದರೆ ಬಂದರೂ ಪ್ರಯೋಜನ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ನೋಡುವ ನಂಬರ್ 16 ಬಿಟ್‌ನದು (ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಮನೆ). ಅಂದರೆ 00000ದಿಂದ 65535ರವರೆಗೆ 65,536 ನಂಬರ್. 99999 ಅನ್ನುವ ಐಡಿ ಹಳೆಯ ಆಟಗಳಲ್ಲಿ ಯಾರಿಗೂ ಸಿಗದಿರುವುದು ಇದಕ್ಕೇ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಲ್ಲೂ, ಆಮೇಲಿನ ಗೋಲ್ಡ್ ಸಿಲ್ವರ್‌ನಲ್ಲೂ ಇದ್ದದ್ದು ಇಷ್ಟೇ. ಹೊಸ ಆಟ ಶುರು ಮಾಡಿದಾಗ ಒಂದು ನಂಬರ್ ಬೀಳುತ್ತದೆ, ಕೊನೆಯವರೆಗೂ ಅದೇ.

2002ರಲ್ಲಿ ರೂಬಿ, ಸಫೈರ್ ಬಂದಾಗ ಇನ್ನೊಂದು ನಂಬರ್ ಸೇರಿಸಿದರು. ಅದನ್ನು ಸೀಕ್ರೆಟ್ ಐಡಿ ಅನ್ನುತ್ತಾರೆ. ಅದೂ 16 ಬಿಟ್, ಆದರೆ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಜಪಾನಿನ ಆಟಗಾರರು ಕಾಣುವುದನ್ನು ಮುಂದಿನ ಐಡಿ, ಕಾಣದ್ದನ್ನು ಹಿಂದಿನ ಐಡಿ ಅಂತ ಕರೆಯುತ್ತಾರೆ. ನನಗೆ ಆ ಮಾತು ಜಾಸ್ತಿ ಇಷ್ಟ. ಫೈರ್‌ರೆಡ್‌ನಲ್ಲೂ ಇದು ಇದೆ. ಪೋಕೆಮಾನ್ ಯಾರದ್ದು ಅಂತ ನೋಡುವಾಗ ಆಟ ಮುಂದಿನದು, ಹಿಂದಿನದು, ಹೆಸರು ಮೂರನ್ನೂ ತಾಳೆ ನೋಡುತ್ತದೆ. ಎರಡು ನಂಬರ್ ಸೇರಿದರೆ 429 ಕೋಟಿ 49 ಲಕ್ಷ 67 ಸಾವಿರದ 296 ಜೋಡಿ ಆಗುತ್ತದೆ. ಮಂಜು ಅವರೇ, 41873 ಮತ್ತೆ ಬಂದರೂ ಹಿಂದಿನ ನಂಬರ್ ಬೇರೆ ಇದ್ದೇ ಇರುತ್ತದೆ ಅಂದುಕೊಳ್ಳಿ. ಬೆಕಿ ಆಗಲೂ ಮುಖ ತಿರುಗಿಸುತ್ತದೆ.

ಮುಲುಂಡ್ ಹುಡುಗ:
ಆದರೆ ನನ್ನ ಸನ್ ಆಟದಲ್ಲಿ ಐಡಿ ಆರು ಅಂಕಿ ಇದೆ. 65535ಕ್ಕಿಂತ ಎಷ್ಟೋ ದೊಡ್ಡದು. ಅದು ಹೇಗೆ?

ಪುಣೆ ಎಂಜಿನಿಯರ್:
2016ರ ಸನ್, ಮೂನ್‌ನಿಂದ ಲೆಕ್ಕ ಅದೇ, ತೋರಿಸುವ ರೀತಿ ಬೇರೆ. ಹಿಂದಿನ ನಂಬರನ್ನು 65,536ರಿಂದ ಗುಣಿಸಿ, ಮುಂದಿನ ನಂಬರನ್ನು ಕೂಡಿಸುತ್ತಾರೆ. ಬಂದ ಮೊತ್ತದ ಕೊನೆಯ ಆರು ಅಂಕಿಯನ್ನು ಮಾತ್ರ ನಿನಗೆ ತೋರಿಸುತ್ತಾರೆ. ಹಿಂದಿನದು 100, ಮುಂದಿನದು 1 ಅಂದುಕೋ. ಮೊತ್ತ 65,53,601. ನಿನ್ನ ಪರದೆಯ ಮೇಲೆ 553601. ಮೊದಲಿನ 6 ಒಳಗೇ ಅಡಗಿರುತ್ತದೆ.

ಮಡಗಾಂವ್ ಅಕ್ಕ:
ಇಷ್ಟೊಂದು ಮುಚ್ಚಿಡುವುದು ಯಾಕೆ? ಯಾರದ್ದು ಅಂತ ತಿಳಿಯುವುದಕ್ಕೆ ಮಾತ್ರ ಆದರೆ ಮುಂದೆಯೇ ದೊಡ್ಡ ನಂಬರ್ ಬರೆಯಬಹುದಿತ್ತಲ್ಲ. ನಾನು ಎಮರಾಲ್ಡ್ ಆಡುವಾಗ ಒಂದು ಬಂಗಾರದ ಬಣ್ಣದ ಮ್ಯಾಜಿಕಾರ್ಪ್ ಮೀನು ಸಿಕ್ಕಿತ್ತು. ಮಗನ ಆಟಕ್ಕೆ ಕೊಟ್ಟೆ. ಅದಕ್ಕೂ ಈ ನಂಬರಿಗೂ ಸಂಬಂಧ ಇದೆ ಅಂತ ಅವನು ಹೇಳುತ್ತಿದ್ದ. ನನಗೆ ಸರಿಯಾಗಿ ತಿಳಿಯಲಿಲ್ಲ.

ಪುಣೆ ಎಂಜಿನಿಯರ್:
ಅಕ್ಕ, ಮಗ ಹೇಳಿದ್ದು ಸರಿ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸುವ ಜಾಗ ಇದೇ.

ಪ್ರತಿ ಪೋಕೆಮಾನ್‌ಗೂ ತನ್ನದೇ 32 ಬಿಟ್‌ನ ಒಂದು ಸಂಖ್ಯೆ ಇರುತ್ತದೆ. ಅದನ್ನು ಮಧ್ಯಕ್ಕೆ ಸೀಳಿದರೆ ಎರಡು ತುಂಡು. ಆ ಎರಡು, ಜೊತೆಗೆ ನಿಮ್ಮ ಮುಂದಿನ ಐಡಿ, ಹಿಂದಿನ ಐಡಿ. ಈ ನಾಲ್ಕನ್ನೂ ಬಿಟ್ ಬಿಟ್ ಆಗಿ ಹೋಲಿಸುತ್ತಾ ಹೋಗುತ್ತಾರೆ. ಎರಡು ಬಿಟ್ ಒಂದೇ ಇದ್ದರೆ 0, ಬೇರೆ ಇದ್ದರೆ 1. ಕೊನೆಗೆ ಉಳಿಯುವ ಸಂಖ್ಯೆ 8ಕ್ಕಿಂತ ಕಡಿಮೆ ಇದ್ದರೆ ಪೋಕೆಮಾನ್ ಶೈನಿ, ಅಂದರೆ ಬಣ್ಣ ಬೇರೆ. 65,536ರಲ್ಲಿ 8 ಅಂದರೆ 8,192ಕ್ಕೆ ಒಂದು. 2013ರ ಎಕ್ಸ್, ವೈ ಆಟಗಳಿಂದ 8ರ ಜಾಗಕ್ಕೆ 16 ಬಂತು, 4,096ಕ್ಕೆ ಒಂದಾಯಿತು.

ಅಂದರೆ ನಿಮಗೆ ಬಂಗಾರದ್ದಾಗಿ ಕಂಡ ಮ್ಯಾಜಿಕಾರ್ಪ್ ಅದೇ ಸಂಖ್ಯೆ ಹೊತ್ತು ಮಗನ ನೀರಿನಲ್ಲಿ ಸಿಕ್ಕಿದ್ದರೆ ಸಾಮಾನ್ಯ ಕೆಂಪು ಮೀನೇ ಆಗಿರುತ್ತಿತ್ತು. ಈಗ ಅವನ ಆಟದಲ್ಲೂ ಅದು ಬಂಗಾರದ್ದೇ ಆಗಿದೆ. ಯಾಕೆಂದರೆ ಬಣ್ಣದ ಲೆಕ್ಕಕ್ಕೆ ಮಗನ ನಂಬರ್ ತೆಗೆದುಕೊಳ್ಳುವುದಿಲ್ಲ. ಮೀನು ನಿಮ್ಮ ಎರಡೂ ನಂಬರನ್ನು ಜೊತೆಯಲ್ಲೇ ಒಯ್ದಿದೆ.

ಮಡಗಾಂವ್ ಅಕ್ಕ:
ಇದನ್ನು ಓದಿ ಮನಸ್ಸು ತುಂಬಿತು. ಮದುವೆಯಾಗಿ ಹೋದ ಹುಡುಗಿ ತವರಿನ ಬಣ್ಣ ಬಿಟ್ಟುಕೊಡದ ಹಾಗೆ. ಮಂಜು, ನಿಮ್ಮ ಬೆಕಿಯದೂ ಅದೇ ಕತೆ ಅನ್ನಿಸುತ್ತದೆ ನನಗೆ. ಅದು ನಿಮ್ಮನ್ನು ಮರೆತಿಲ್ಲ. ತವರು ಯಾವುದು ಅಂತ ಚೆನ್ನಾಗಿ ನೆನಪಿಟ್ಟುಕೊಂಡಿದೆ.

ಡೊಂಬಿವಲಿ ಲೋಕಲ್:
ಅಕ್ಕ, ಆ ತವರೇ ಈಗ ಇಲ್ಲವಲ್ಲ. ಅದೇ ನನ್ನ ಸಂಕಟ. ಮನೆ ಬಿದ್ದುಹೋಗಿದೆ, ಮನೆಯವನು ಬಾಗಿಲಲ್ಲಿ ನಿಂತಿದ್ದಾನೆ, ಆದರೂ ಗುರುತು ಹಿಡಿಯುವುದಿಲ್ಲ. ಸೇವ್ ಕಳೆದುಕೊಂಡವರು ನಾನೊಬ್ಬನೇ ಅಲ್ಲ. ಗೋಲ್ಡ್, ಸಿಲ್ವರ್ ಕಾರ್ಟ್ರಿಜ್‌ನಲ್ಲಿ ಸೇವ್ ಉಳಿಯುವುದೇ ಒಳಗಿನ ಗುಂಡು ಬ್ಯಾಟರಿಯ ಮೇಲೆ. ಬ್ಯಾಟರಿ ಸತ್ತರೆ ಆಟವೂ ಹೋಯಿತು, ನಂಬರೂ ಹೋಯಿತು. ಅಂಥವರಿಗೆ ಒಂದು ದಾರಿ ಇರಬೇಕಿತ್ತು.

ಮಾಟುಂಗಾ ಕಾಪಿ:
ಆ ದಾರಿ ಕಳ್ಳನಿಗೂ ದಾರಿಯೇ ಆಗುತ್ತದೆ. ನಮ್ಮ ಡಬ್ಬಾವಾಲಾಗಳ ಡಬ್ಬಿ ನೋಡಿ. ಮುಚ್ಚಳದ ಮೇಲಿನ ಗುರುತನ್ನು ದಾರಿಯಲ್ಲಿ ಯಾರೂ ಅಳಿಸಿ ತಿದ್ದುವುದಿಲ್ಲ. ತಿದ್ದಬಹುದು ಅಂತಾದ ದಿನ ಒಬ್ಬರಿಗೂ ಸರಿಯಾದ ಊಟ ಸಿಗುವುದಿಲ್ಲ. ನಿಮ್ಮೊಬ್ಬರ ನ್ಯಾಯಕ್ಕೆ ಎಲ್ಲರ ಗುರುತು ಸಡಿಲ ಮಾಡುವುದು ಬೇಡ ಅನ್ನುತ್ತೇನೆ.

ಮುಲುಂಡ್ ಹುಡುಗ:
ಆದರೆ ಆಟ ಮಾಡಿದವರೇ ಒಂದು ಕಟ್ಟು ಸಡಿಲ ಮಾಡಿದ್ದಾರೆ. 2022ರ ಸ್ಕಾರ್ಲೆಟ್, ವಯೊಲೆಟ್‌ನಲ್ಲಿ ಮಾತು ಕೇಳುವುದು ಬಿಡುವುದು ಯಾರದ್ದು ಅನ್ನುವುದರ ಮೇಲೆ ನಿಂತಿಲ್ಲ. ಎಷ್ಟನೇ ಲೆವೆಲ್ಲಿನಲ್ಲಿ ನಿಮ್ಮ ಕೈಗೆ ಬಂತು ಅನ್ನುವುದೇ ಲೆಕ್ಕ. ನೀವೇ ಹಿಡಿದದ್ದೂ ನಿಮ್ಮ ಬ್ಯಾಡ್ಜ್‌ನ (ಜಿಮ್ ನಾಯಕರನ್ನು ಸೋಲಿಸಿದರೆ ಸಿಗುವ ಪದಕದ) ಮಿತಿಗಿಂತ ದೊಡ್ಡದಾಗಿದ್ದರೆ ಕೇಳುವುದಿಲ್ಲ. ಮಂಜಣ್ಣ ಹೇಳುವುದರಲ್ಲಿ ಸತ್ಯ ಇದೆ.

ಮಾಟುಂಗಾ ಕಾಪಿ:
ಇದು ಒಳ್ಳೆಯ ಮಾತು. ಗುರುತು ಬೇರೆ, ಹಿಡಿತ ಬೇರೆ ಅಂತ ಇಟ್ಟರೆ ನನ್ನದೂ ತಕರಾರಿಲ್ಲ. ಗುರುತು ಮಾತ್ರ ಅಳಿಸಬಾರದು.

ಮೀರಾ ರೋಡ್ 04:
ನಡುವೆ ಒಂದು ಮಾತು. ಹೊರಗಿನವರ ಐಡಿಯಿಂದ ಲಾಭವೂ ಇದೆ. ರೂಬಿಯಲ್ಲಿ ಲಿಲಿಕೋವ್ ಊರಿನ ದೊಡ್ಡ ಅಂಗಡಿಯಲ್ಲಿ ದಿನಾ ಒಂದು ಲಾಟರಿ ನಂಬರ್ ಬರುತ್ತದೆ. ನಿಮ್ಮ ಹತ್ತಿರ ಇರುವ ಯಾವ ಪೋಕೆಮಾನ್‌ನ ಐಡಿ ಅದಕ್ಕೆ ಹೊಂದಿದರೂ ಬಹುಮಾನ. ಐದೂ ಅಂಕಿ ಹೊಂದಿದರೆ, ಯಾವ ಕಾಡು ಪೋಕೆಮಾನ್ ಆದರೂ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್. ಎಲ್ಲಾ ನೀವೇ ಹಿಡಿದವಾದರೆ ನಿಮ್ಮ ಹತ್ತಿರ ಇರುವುದು ಒಂದೇ ನಂಬರ್. ಅದಕ್ಕೇ ನಾನು ಬಿಲ್ಡಿಂಗಿನ ಹುಡುಗರ ಹತ್ತಿರ ಒಂದೊಂದು ಝಿಗ್ಝಗೂನ್ ಬದಲಿ ಮಾಡಿಕೊಂಡಿದ್ದೆ. ಹನ್ನೊಂದು ಹುಡುಗರ ಹೆಸರು ಈಗಲೂ ಆಟದೊಳಗಿನ ನನ್ನ ಪೆಟ್ಟಿಗೆಯಲ್ಲಿವೆ. ಅವರಲ್ಲಿ ಇಬ್ಬರು ಮಾತ್ರ ಈಗ ಇಲ್ಲಿದ್ದಾರೆ.

ಕೊತ್ರೂಡ್ ಕಿಟ್ಟಿ:
ಬೆಕಿಯನ್ನು ಇಷ್ಟು ವರ್ಷ ಇಟ್ಟುಕೊಂಡವನು ನಾನೇ. ಮಂಜು, ನೀನು ಇಲ್ಲಿ ಬರೆದದ್ದು ಇವತ್ತು ನೋಡಿದೆ. ನಿನಗೆ ಒಂದು ವಿಷಯ ಹೇಳಿಯೇ ಇಲ್ಲ ಮಾರಾಯ.

ನೀನು ಅವತ್ತು ಬೆಕಿಯ ಜೊತೆ ಒಂದು ಪಿಜಿಯಾಟ್ ಹಕ್ಕಿ ಕೂಡ ಕೊಟ್ಟಿದ್ದೆ, ನೆನಪಿದೆಯಾ? ಡಿಎಸ್ ಲೈಟ್ ತೆಗೆದುಕೊಂಡಾಗ ಫೈರ್‌ರೆಡ್ ಕಾರ್ಟ್ರಿಜನ್ನು ಕೆಳಗಿನ ಕಿಂಡಿಗೆ ಹಾಕಿ, ಹಳೆಯ ಆಟದ ಪೋಕೆಮಾನ್ ಹೊಸದಕ್ಕೆ ತರುವ ಪಾಲ್ ಪಾರ್ಕ್ ಮೂಲಕ ಅದನ್ನು ಡೈಮಂಡ್‌ಗೆ ಒಯ್ದೆ. ಹಾಗೆ ಹೋದದ್ದು ಹಿಂದೆ ಬರುವುದಿಲ್ಲ. ಬೆಕಿಯನ್ನು ಒಯ್ಯಲು ಕೈ ಬರಲಿಲ್ಲ, ನೀನು ಯಾವತ್ತಾದರೂ ಕೇಳುತ್ತೀಯ ಅನ್ನಿಸಿತ್ತು. ಪಿಜಿಯಾಟ್ ಮಾತ್ರ ಡೈಮಂಡ್‌ನಿಂದ ಬ್ಲ್ಯಾಕ್‌ಗೆ, ಅಲ್ಲಿಂದ ತ್ರೀಡಿಎಸ್‌ನ ಪೋಕೆಮಾನ್ ಬ್ಯಾಂಕ್‌ಗೆ, 2020ರಲ್ಲಿ ಪೋಕೆಮಾನ್ ಹೋಮ್ ಬಂದ ಮೇಲೆ ಅಲ್ಲಿಗೆ ಹೋಯಿತು. ಈಗ ನನ್ನ ಫೋನಿನಲ್ಲಿದೆ. ಇಷ್ಟು ಯಂತ್ರ ದಾಟಿದರೂ ವಿವರದಲ್ಲಿ ಏನಿದೆ ಗೊತ್ತಾ? ಮಂಜು, 41873.

ಐಡಿ ತಪ್ಪು ಅಂತ ನೀನು ಹೇಳುತ್ತೀಯ. ಆ ಐಡಿಯನ್ನು ತಿದ್ದಲು ಬರುವ ಹಾಗಿದ್ದರೆ ನಾನೇ ಯಾವತ್ತೋ ನನ್ನ ಹೆಸರಿಗೆ ಮಾಡಿಕೊಳ್ಳುತ್ತಿದ್ದೆನೋ ಏನೋ, ಆಗ ಸಣ್ಣವನಲ್ವಾ.

ಡೊಂಬಿವಲಿ ಲೋಕಲ್:
ಕಿಟ್ಟಿ, ಪಿಜಿಯಾಟ್ ಪೂರ್ತಿ ಮರೆತೇ ಹೋಗಿತ್ತು. ಇನ್ನೂ ಇದೆ ಅಂದರೆ ನಂಬುವುದಕ್ಕೆ ಆಗುತ್ತಿಲ್ಲ.

ನನ್ನ ಮಾತನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ನಂಬರ್ ಅಳಿಯದೆ ಇರಬೇಕು, ಒಪ್ಪಿದೆ. ಹೆಸರಿನ ಒಂದು ಅಕ್ಷರ ತಿದ್ದಲು ಮಾತ್ರ ಬಿಡಬೇಕಿತ್ತು ಅಂತ ಈಗಲೂ ಹೇಳುತ್ತೇನೆ.

ಪುಣೆ ಎಂಜಿನಿಯರ್:
ಮಂಜು ಅವರೇ, ಮಾತು ಕೇಳಿಸಲು ಆಟದಲ್ಲೇ ದಾರಿ ಇದೆ. ಫೈರ್‌ರೆಡ್‌ನಲ್ಲಿ ಬ್ಯಾಡ್ಜ್ ಇಲ್ಲದವರಿಗೆ ಹೊರಗಿನ ಪೋಕೆಮಾನ್ 10ನೇ ಲೆವೆಲ್ಲಿನವರೆಗೆ ಮಾತ್ರ ಕೇಳುತ್ತದೆ. ಜಿಮ್ ನಾಯಕಿ ಮಿಸ್ಟಿಯ ಬ್ಯಾಡ್ಜ್ ಬಂದರೆ 30, ಎರಿಕಾಳದ್ದು ಬಂದರೆ 50, ಸಬ್ರಿನಾಳದ್ದು ಬಂದರೆ 70. ಎಂಟೂ ಬಂದರೆ ಎಲ್ಲವೂ. ನಿಮ್ಮದು 52. ನೀವು ಈಗ ಎಲ್ಲಿದ್ದೀರಿ?

ಡೊಂಬಿವಲಿ ಲೋಕಲ್:
ಎರಿಕಾ ಆಗಿದೆ. ಅಂದರೆ ಎರಡೇ ಲೆವೆಲ್ಲಿನಿಂದ ತಪ್ಪಿದೆ! ಸಬ್ರಿನಾ ಬಾಕಿ.

ಮಡಗಾಂವ್ ಅಕ್ಕ:
ಬೆಕಿ ಇಲ್ಲದೆಯೇ ಗೆಲ್ಲಬೇಕು ಹಾಗಾದರೆ. ಸಬ್ರಿನಾಳ ಅಲಕಝಾಮ್ ತುಂಬಾ ಚುರುಕು. ಸ್ನಾರ್ಲ್ಯಾಕ್ಸ್ ಹಿಡಿದಿದ್ದರೆ ಕರೆದುಕೊಂಡು ಹೋಗಿ.

ಡೊಂಬಿವಲಿ ಲೋಕಲ್:
ಎಲ್ಲರಿಗೂ ಹೇಳಬೇಕು ಅನ್ನಿಸಿತು. ನಿನ್ನೆ ರಾತ್ರಿ ಸಬ್ರಿನಾಳನ್ನು ಸೋಲಿಸಿದೆ, ಸ್ನಾರ್ಲ್ಯಾಕ್ಸ್‌ನಿಂದಲೇ. ಇವತ್ತು ಬೆಳಿಗ್ಗೆ ಲೋಕಲ್ ರೈಲು ಠಾಣೆ ಊರು ದಾಟುವಾಗ ಆಟದ ಹುಲ್ಲಿನಲ್ಲಿ ಒಂದು ಡೋಡುವೊ ಎದುರಾಯಿತು. ಬೆಕಿಯನ್ನು ಇಳಿಸಿ ಫ್ಲೇಮ್‌ಥ್ರೋವರ್ ಒತ್ತಿದೆ. ಮೊದಲ ಸಲಕ್ಕೇ ಕೇಳಿತು. ಕಿಟ್ಟಿ, ಭಾನುವಾರ ಡೆಕ್ಕನ್ ಕ್ವೀನ್‌ನಲ್ಲಿ ಬರುವುದಾದರೆ ದಾದರ್‌ನಲ್ಲೇ ಇಳಿ. ಕೇಬಲ್ ನಾನು ತರುತ್ತೇನೆ, ಪಿಜಿಯಾಟ್ ಇರುವ ಫೋನು ನೀನು ತಾ.